ಒಂದನೇ ಕೋಣೆಯ ಅಜ್ಜಿಯರು

ಸಪಾವಿ ರಾಜಕೀಯಕ್ಕೆ ಬಂದದ್ದು ತನ್ನ ಯೋಗ್ಯತೆಯಿಂದಲ್ಲ, ಬೇರೆ ಇಬ್ಬರು ಯೋಗ್ಯರ ಜಗಳದಿಂದ. ಕುವಾಲಾ ಲಾಲಾಂಗ್ ಕ್ಷೇತ್ರದ ಟಿಕೆಟ್ಟಿಗೆ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿಯೂ ಒಬ್ಬ ಮರದ ವ್ಯಾಪಾರಿಯೂ ಕಾದಾಡುತ್ತಿದ್ದರು. ಪಕ್ಷದ ಮುಖಂಡ, ದಾತುಕ್ ಎಂಬ ಬಿರುದಿನ ಮರ್ಜುಕಿ ಇಬ್ಬರನ್ನೂ ಎದುರುಬದುರು ಕೂರಿಸಿ ಕಾಫಿ ಕುಡಿಸಿದರೆ, ಇಬ್ಬರೂ ಒಪ್ಪಿದ ಮಾತು ಒಂದೇ: ಯಾರಿಗಾದರೂ ಕೊಡಿ, ಅವನೊಬ್ಬನಿಗೆ ಬೇಡ. ಹಾಗಾಗಿ ದಾತುಕ್ ಯಾರಿಗೂ ಬೇಡವಾಗದ ಒಬ್ಬ ಮನುಷ್ಯನನ್ನು ಹುಡುಕಿಕೊಂಡು ಹೊರಟರು. ಹೆಚ್ಚು ದೂರ ಹೋಗಬೇಕಾಗಲಿಲ್ಲ. ಲಾಲಾಂಗ್ ನದಿಯ ಕಡವಿನಲ್ಲಿ ಚೀಟಿ ಹರಿದು ಕೊಡುತ್ತ ಸಪಾವಿ ನಿಂತಿದ್ದ.

ಆ ಕಡವು ದಾಟದೆ ಲಾಲಾಂಗಿನವರು ಹುಟ್ಟುವಂತೆಯೂ ಇಲ್ಲ, ಸಾಯುವಂತೆಯೂ ಇಲ್ಲ; ಆಸ್ಪತ್ರೆ ಆಚೆ ದಡದಲ್ಲಿದೆ, ಸ್ಮಶಾನ ಈಚೆ ದಡದಲ್ಲಿದೆ. ವರ್ಷಗಟ್ಟಲೆ ಅಲ್ಲಿ ನಿಂತು ಸಪಾವಿ ಎಲ್ಲರ ಮೊಣಕಾಲು ನೋವು, ಅಳಿಯನ ಕುಡಿತ, ಮಗಳ ಬಸಿರು ವಿಚಾರಿಸಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಅದಕ್ಕೆ ಅವನೇ ಸಾಕ್ಷಿ. ಆ ಗಾದೆಗೆ ಇನ್ನೂ ಅರ್ಧ ಇದೆ, ಊಟ ಬಲ್ಲವನಿಗೆ ರೋಗವಿಲ್ಲ ಅಂತ. ಆ ಅರ್ಧದ ಗೊಡವೆಗೆ ಅವನು ಹೋಗಲಿಲ್ಲ. ಈ ಕಥೆಯೆಲ್ಲ ಹುಟ್ಟಿದ್ದು ಅಲ್ಲಿಂದಲೇ.

"ನನಗೆ ಭಾಷಣ ಬರಲ್ಲ, ದಾತುಕ್," ಎಂದ ಸಪಾವಿ.

"ಭಾಷಣಕ್ಕೆ ನಾನಿದ್ದೀನಿ. ನೀನು ಕರೆದ ಮನೆಗೆಲ್ಲ ಹೋಗಿ ಊಟ ಮಾಡ್ಕೊಂಡು ಬಾ."

ಹಾಗೆ ಶುರುವಾಯಿತು. ಅವನನ್ನು ಊರೂರಿಗೆ ಕರೆದೊಯ್ದವರು ಅದೇ ಊರಿನ ರಂಬ್ಲಿ ಅಜ್ಜ. ಅವರ ಹತ್ತಿರ ಒಂದು ಉದ್ದನೆಯ ಮೋಟಾರು ದೋಣಿಯಿತ್ತು, ಜೊತೆಗೆ ಯಾವ ಕಾಲುವೆಯ ಯಾವ ಮನೆಯಲ್ಲಿ ಯಾವ ದಿನ ಮದುವೆ ಎಂಬ ಲೆಕ್ಕವೂ ಇತ್ತು. ನಮ್ಮ ಔತಣಗಳಲ್ಲಿ ನೆಲದ ಮೇಲೆ ನಾಲ್ಕೈದು ಜನ ಒಂದೊಂದು ದೊಡ್ಡ ತಟ್ಟೆಯ ಸುತ್ತ ಕೂರುತ್ತಾರೆ. ದೊಡ್ಡವರು ಅನ್ನಕ್ಕೆ ಕೈ ಹಾಕುವ ತನಕ ಉಳಿದವರು ಕೈ ಕಟ್ಟಿಕೊಂಡಿರುತ್ತಾರೆ. ಸಪಾವಿಗೆ ದೊಡ್ಡವನಾಗಿ ಕೂತು ಅಭ್ಯಾಸವಿರಲಿಲ್ಲ. ಮೀನುಗಾರರ ನಡುವೆ ತೂರಿಕೊಂಡು ಕೂತ, ಬಡಿಸಿದ ಕೂಡಲೇ ಉಂಡ, ಹುಳಿ ಮೀನಿನ ರಸ ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡ, ಕಡೆಗೆ ತಟ್ಟೆಯ ಅಂಚನ್ನು ಬೆರಳಲ್ಲಿ ಸವರಿ ನೆಕ್ಕಿದ. ಅಡುಗೆಮನೆಯ ಸಂದಿಯಿಂದ ಇಣುಕುತ್ತಿದ್ದ ಹೆಂಗಸರು ಇದನ್ನು ನೋಡಿದರು. ನಿವೃತ್ತ ಪೊಲೀಸ್ ಅಧಿಕಾರಿ ಪಕ್ಷೇತರನಾಗಿ ನಿಂತು ರಸ್ತೆ, ನೀರು, ಸೇತುವೆ ಎಂದು ಗಂಟಲು ಹರಿದುಕೊಂಡ. ಹೆಂಗಸರು ಎರಡನೇ ಸೌಟು ಕೇಳಿದವನಿಗೆ ಓಟು ಹಾಕಿದರು.

ಶಾಸಕರನ್ನು ನಮ್ಮಲ್ಲಿ ವೈಬಿ ಎನ್ನುತ್ತಾರೆ. ಮಾನ್ಯರು ಎಂಬುದನ್ನು ಎರಡಕ್ಷರಕ್ಕೆ ಇಳಿಸಿದ್ದು. ಗೆದ್ದ ಸಂಜೆಯಿಂದ ಮನುಷ್ಯನ ಹೆಸರು ಹೋಗಿ ಅದೇ ನಿಲ್ಲುತ್ತದೆ. ಹೆಂಡತಿ ಹಮ್ಸಿಯಾ ಮಾತ್ರ ಮೊದಲಿನಂತೆ ಅವನನ್ನು ಬಾಂಗ್ ಎಂದೇ ಕರೆದಳು; ಗಂಡನನ್ನು ಕರೆಯುವ ಮಾತದು, ಅದಕ್ಕೆ ಚುನಾವಣೆ ಬೇಕಿಲ್ಲ.

ಕೆಲಸ ಮಾಡಲಿಲ್ಲ ಎಂದು ಅವನ ಮೇಲೆ ದೂರು ಹೇಳುವಂತಿಲ್ಲ. ಮಸೀದಿಯ ಮುಂದೆ ದೋಣಿಕಟ್ಟೆ ಕಟ್ಟಿಸಿದ, ಊರಿಗೊಂದು ಸಭಾಭವನ ತಂದ, ಕಾಲುದಾರಿಗೆ ದೀಪ ಹಾಕಿಸಿದ. ಶಾಲೆಯ ಹಿಂದೆ ಮೊಸಳೆಯೊಂದು ಮೇಕೆ ಹೊತ್ತುಕೊಂಡು ಹೋದಾಗ, ಈ ಮೊಸಳೆಯ ಬಗ್ಗೆ ಸರ್ಕಾರದ ನಿಲುವೇನು ಎಂದು ಕೂಚಿಂಗಿನ ವಿಧಾನಸಭೆಯಲ್ಲಿ ಎದ್ದು ಕೇಳಿದ. ಮಂತ್ರಿಗಳು ನಿಲುವು ಹುಡುಕುತ್ತಿರುವಾಗ ಸಭೆಯೆಲ್ಲ ನಕ್ಕಿತು, ಪತ್ರಿಕೆಯವರು ಬರೆದರು, ಒಂದು ವರ್ಷ ಅವನು ರಾಜಧಾನಿಯಲ್ಲಿ ಮೊಸಳೆ ವೈಬಿ ಆಗಿದ್ದ. ಪ್ರತಿ ಅಧಿವೇಶನದಲ್ಲೂ ಸೇತುವೆ ಕೇಳಿದ. ಪ್ರತಿ ಸಲವೂ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಆ ಪರಿಶೀಲನೆಗೆ ಈಗ ಮೊಮ್ಮಕ್ಕಳಾಗಿರಬೇಕು.

ಆದರೆ ವೈಬಿಯನ್ನು ಜನ ಅಳೆಯುವುದು ದೋಣಿಕಟ್ಟೆಯಿಂದಲ್ಲ, ಊಟದಿಂದ. ಶಾಲೆಗಳಿಗೆ ರಜೆ ಬಂತೆಂದರೆ ಶನಿವಾರ ಭಾನುವಾರ ಕ್ಷೇತ್ರದ ತುಂಬ ಮದುವೆ. ಅದಲ್ಲದೆ ಮಗುವಿನ ತಲೆಕೂದಲು ತೆಗೆಯುವುದು, ಹೊಸ ದೋಣಿ ನೀರಿಗಿಳಿಸುವುದು, ಸತ್ತವರ ಮೂರನೇ ದಿನ, ಏಳನೇ ದಿನ, ನಲವತ್ತನೇ ದಿನ. ಎಲ್ಲ ಕಡೆಯೂ ವೈಬಿ ಬರಬೇಕು, ಕೂರಬೇಕು, ಉಣ್ಣಬೇಕು. ಕೊನೆಯಲ್ಲಿ ನೀಪಾ ತಾಳೆಯ ಬೆಲ್ಲದ ಸಿಹಿ ಇದ್ದೇ ಇರುತ್ತದೆ: ಎಲೆಯ ಕೊಳವೆಯಲ್ಲಿ ಬೇಯಿಸಿದ ಚೆಲೊರೊಟ್, ಎಣ್ಣೆಯಲ್ಲಿ ಕರಿದ ಪೆಞರಾಮ್. ಪೆಞರಾಮ್ ನೋಡುವುದಕ್ಕೆ ಕಜ್ಜಾಯದ ತಂಗಿಯ ಹಾಗಿರುತ್ತದೆ. ಒಂದು ತಿಂದವನು ಎರಡನೆಯದಕ್ಕೆ ಬೇಡ ಅಂದದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ಎರಡನೇ ಸಲ ಗೆದ್ದ ವರ್ಷ ಡಾಕ್ಟರು ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದರು. ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ಹೊತ್ತುಹೊತ್ತಿಗೆ ಊಟ ಮಾಡಿ ಎಂದರು. ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದೇ ಉದ್ಯೋಗವಾದವನಿಗೆ ಹೇಳುವ ಮಾತೇ ಅದು? ಕಾಯಿಲೆಯ ಸುದ್ದಿಯನ್ನು ಅವನು ಬಚ್ಚಿಟ್ಟ. ಶಾಸಕನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಗೊತ್ತಾದ ಮರುದಿನವೇ ನಾಲ್ಕು ಜನ ಹೊಸ ಅಂಗಿ ಹೊಲಿಸಿಕೊಂಡು ದಾತುಕ್ ಮನೆಯ ಜಗಲಿಯಲ್ಲಿ ಕೂತಿರುತ್ತಾರೆ. ತಿಳಿದಿದ್ದು ಇಬ್ಬರಿಗೆ: ಹೆಂಡತಿ ಹಮ್ಸಿಯಾಗೆ, ಮತ್ತು ಅವನ ಕಚೇರಿಯ ಸಹಾಯಕ ಕಿಪ್ಲಿಗೆ.

ಕಿಪ್ಲಿ ಮೊದಲು ಮೀನಿನ ಲಾರಿ ಓಡಿಸುತ್ತಿದ್ದವನು. ಐವತ್ತರ ಹತ್ತಿರ ಹತ್ತಿರ ವಯಸ್ಸು, ಲಾರಿಯಷ್ಟೇ ಧಾರಾಳವಾದ ಹೊಟ್ಟೆ. ಇಬ್ಬರೂ ಸೇರಿ ಒಂದು ಉಪಾಯ ಕಂಡುಕೊಂಡರು. ಉಪಾಯ ಏನು, ನಮ್ಮ ನದಿಯ ಕಡೆಯ ಹಳೆಯ ಕಟ್ಟಲೆಯೇ. ಯಾರಾದರೂ ಊಟ ಮುಂದಿಟ್ಟ ಮೇಲೆ ಏನನ್ನೂ ಮುಟ್ಟದೆ ಎದ್ದು ಹೋದರೆ ಕೆಂಪುನಾನ್ ತಗಲುತ್ತದೆ. ದಾರಿಯಲ್ಲಿ ದೋಣಿ ಮಗುಚುತ್ತದೆ, ಹಾವು ಕಚ್ಚುತ್ತದೆ, ಏನಿಲ್ಲವೆಂದರೂ ಮೆಟ್ಟಿಲಲ್ಲಿ ಕಾಲು ಜಾರುತ್ತದೆ. ಹೊಟ್ಟೆ ತುಂಬಿದ್ದರೆ, ಅವಸರವಿದ್ದರೆ, ಬೆರಳ ತುದಿಯಲ್ಲಿ ತಟ್ಟೆಯನ್ನು ಮುಟ್ಟಿ ತುಟಿಗೆ ತಂದರೆ ಸಾಕು, ಕೇಡು ಕಳೆಯಿತು. ಸಪಾವಿ ಈಗ ಮನೆಮನೆಗೆ ಹೋಗಿ ಮುಟ್ಟತೊಡಗಿದ. ನಕ್ಕು, ನಮಸ್ಕರಿಸಿ, ಮುಟ್ಟಿ, ಇನ್ನೂ ಮೂರು ಮನೆ ಬಾಕಿ ಇವೆ ಎಂದು ಹೇಳಿ ಏಳುತ್ತಿದ್ದ. ಹಿಂದೆ ಬಂದ ಕಿಪ್ಲಿ ಕೂತು ಉಣ್ಣುತ್ತಿದ್ದ. ದಿನದ ಕೊನೆಯ ಮನೆಯಲ್ಲಿ ಮಾತ್ರ ಸಪಾವಿಯೂ ಹಸಿವು ತಾಳದೆ ಕೂತುಬಿಡುತ್ತಿದ್ದ, ಸಿಹಿಯ ತನಕ.

ಕೆಡುಕು ಅಷ್ಟಕ್ಕೇ ನಿಂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಮನುಷ್ಯನಿಗೆ ಒಂದು ಸುಲಭದ ದಾರಿ ಸಿಕ್ಕರೆ ಅದಕ್ಕಿಂತ ಸುಲಭವಾದದ್ದು ಕಣ್ಣಿಗೆ ಬೀಳುತ್ತದೆ. ಒಂದು ಭಾನುವಾರ ಆರು ಕಡೆ ಕರೆಯಿತ್ತು, ಜೊತೆಗೆ ಕೂಚಿಂಗಿನಲ್ಲಿ ಪಕ್ಷದ ಸಭೆ. ಸಪಾವಿ ತನ್ನ ಪರವಾಗಿ ಮುಟ್ಟಿ ಬಾ ಎಂದು ಕಿಪ್ಲಿಯನ್ನೇ ಕಳಿಸಿಬಿಟ್ಟ. ಶಂಕುಸ್ಥಾಪನೆಗೆ ಪ್ರತಿನಿಧಿ ಹೋಗುತ್ತಾನೆ, ಬಹುಮಾನ ಹಂಚಲು ಪ್ರತಿನಿಧಿ ಹೋಗುತ್ತಾನೆ, ಊಟ ಮುಟ್ಟಲು ಹೋದರೆ ತಪ್ಪೇನು ಎಂದುಕೊಂಡ. ಆ ಆರರಲ್ಲಿ ಒಂದು ಮನೆ ರಂಬ್ಲಿ ಅಜ್ಜನದು. ಅಜ್ಜ ತೀರಿಕೊಂಡು ಅಂದಿಗೆ ನಲವತ್ತನೇ ದಿನ. ಮಣ್ಣು ಮಾಡುವಾಗ ಸಪಾವಿ ಬಂದಿದ್ದ, ಅತ್ತಿದ್ದ. ನಲವತ್ತನೆಯದು ಮರೆತೇ ಹೋಗಿತ್ತು, ಕಿಪ್ಲಿಗೆ ಕೊಟ್ಟ ಆರು ಮನೆಗಳಲ್ಲಿ ಅದೂ ಸೇರಿಹೋಯಿತು.

ರಂಬ್ಲಿ ಅಜ್ಜನ ಹೆಂಡತಿಯನ್ನು ಊರೆಲ್ಲ ನೇಕ್ ಸಲ್ಮಿ ಎನ್ನುತ್ತದೆ. ನೇಕ್ ಅಂದರೆ ಅಜ್ಜಿ. ಕಿಪ್ಲಿ ಅವಳ ಮುಂದೆ ತಟ್ಟೆಯ ಬಳಿ ಗಂಭೀರವಾಗಿ ಬಾಗಿ, "ಇದು ವೈಬಿಯವರ ಪರವಾಗಿ" ಎಂದು ಬೆರಳಲ್ಲಿ ಮುಟ್ಟಿ ತುಟಿಗೆ ತಂದ. ಆಮೇಲೆ "ಇದು ನನ್ನ ಪರವಾಗಿ" ಎಂದು ಕಾಲು ಮಡಿಚಿ ಕೂತು ಅನ್ನ ಬಡಿಸಿಕೊಂಡ. ನೇಕ್ ಸಲ್ಮಿ ಅವನಿಗೆ ಇನ್ನೊಂದು ಸೌಟು ಹಾಕಿದಳು. ಉಂಡು ಹೊರಟ ಕಿಪ್ಲಿ ದೋಣಿಕಟ್ಟೆಯಲ್ಲಿ ಕಾಲು ಜಾರಿ ಸೊಂಟದ ತನಕ ಕೆಸರಿಗೆ ಬಿದ್ದ.

ಅದು ಊರಿಗೆ ಒಂದು ತಿಂಗಳ ಮಾತಾಯಿತು. ಒಬ್ಬರ ಪರವಾಗಿ ಇನ್ನೊಬ್ಬರು ಮುಟ್ಟಿದರೆ ಕೇಡು ಯಾರಿಗೆ ಕಳೆಯುತ್ತದೆ, ಯಾರಿಗೆ ಉಳಿಯುತ್ತದೆ? ಕಿಪ್ಲಿ ಬಿದ್ದದ್ದು ನೋಡಿದರೆ ಪೆಟ್ಟನ್ನೂ ಅವನು ಪ್ರತಿನಿಧಿಯಾಗಿಯೇ ತಿಂದ ಹಾಗೆ ಕಾಣುತ್ತದೆ ಎಂದು ಕೆಲವರು ಅಂದರು. ಉಂಡವನಿಗೆ ಹೇಗೆ ತಗಲುತ್ತದೆ ಎಂದು ಕೆಲವರು. ಇಮಾಮರನ್ನು ಕೇಳಿದ್ದಕ್ಕೆ, ಧರ್ಮದಲ್ಲಿ ಈ ವಿಷಯ ಇಲ್ಲ, ಹೋಗಿ ಅಜ್ಜಿಯರನ್ನು ಕೇಳಿ ಎಂದು ಜಾರಿಕೊಂಡರು. ಅಜ್ಜಿಯರು ಬಾಯಿ ಬಿಡಲಿಲ್ಲ. ಸಪಾವಿಗಾಗಲಿ ಹಮ್ಸಿಯಾಗಾಗಲಿ ಇದು ಯಾವುದೂ ತಿಳಿಯಲಿಲ್ಲ, ಅವರ ಮುಂದೆ ಯಾರೂ ಆಡಲಿಲ್ಲ; ಮುಟ್ಟಿ ಬಂದೆ, ಮಾಂಸದ ಸಾರು ಚೆನ್ನಾಗಿತ್ತು ಎಂದಷ್ಟೇ ಕಿಪ್ಲಿ ವರದಿ ಒಪ್ಪಿಸಿದ್ದ.

ಅದೇ ವರ್ಷದ ಕೊನೆಗೆ ಮೂರನೇ ಚುನಾವಣೆ ಬಂತು. ನಮ್ಮಲ್ಲಿ ಮತಗಟ್ಟೆಯ ಕೋಣೆಗಳನ್ನು ವಯಸ್ಸಿನ ಮೇಲೆ ಹಂಚುತ್ತಾರೆ. ಮುದುಕ ಮುದುಕಿಯರಿಗೆ ಒಂದನೇ ಕೋಣೆ, ನಡುವಯಸ್ಸಿನವರಿಗೆ ಎರಡನೆಯದು, ಹರೆಯದವರಿಗೆ ಮೂರನೆಯದು. ಎಣಿಕೆಯೂ ಆಯಾ ಕೋಣೆಯಲ್ಲೇ. ಹಾಗಾಗಿ ಓಟು ಗುಟ್ಟಾಗಿದ್ದರೂ ವಯಸ್ಸು ಗುಟ್ಟಾಗಿರುವುದಿಲ್ಲ. ಲಾಲಾಂಗಿನ ಗಂಡಸರು ಸಮುದ್ರಕ್ಕೆ ಹೋಗಿ ಬೇಗ ಮುಗಿಯುತ್ತಾರೆ, ಒಂದನೇ ಕೋಣೆಯ ತುಂಬ ಅಜ್ಜಿಯರೇ. ಆ ಕೋಣೆಯನ್ನು ಸಪಾವಿ ತನ್ನ ಅಡುಗೆಮನೆಯಷ್ಟೇ ನೆಚ್ಚಿಕೊಂಡಿದ್ದ. ಎಣಿಕೆ ಮುಗಿದಾಗ ಗೆದ್ದಿದ್ದ, ಆದರೆ ಕೂದಲೆಳೆಯಲ್ಲಿ. ಅವನನ್ನು ದಡ ಹತ್ತಿಸಿದ್ದು ಮೂರನೇ ಕೋಣೆಯ ಹುಡುಗರು. ಒಂದನೇ ಕೋಣೆ ಅವನ ಕೈಬಿಟ್ಟಿತ್ತು.

ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ದಾತುಕ್ ಕರೆಸಿ ಕೂರಿಸಿಕೊಂಡು ಹೇಳಿದರು. ಬೇರೆ ಊರುಗಳು ಅತ್ತ ಇತ್ತ ಸಮ ಇವೆ, ನಿನ್ನ ಊರಿನ ಒಂದನೇ ಕೋಣೆ ಎತ್ತ ವಾಲಿದರೆ ಸೀಟು ಅತ್ತ. ಇನ್ನೊಂದು ಸಲ ಟಿಕೆಟ್ ಕೊಡುತ್ತೇನೆ, ಆ ಅಜ್ಜಿಯರನ್ನು ವಾಪಸು ತಾ. ಇಲ್ಲವಾದರೆ ಕಡವಿಗೆ ವಾಪಸು ಹೋಗು.

ಸಪಾವಿಗೆ ನಿದ್ದೆ ಹೋಯಿತು. ಸೀಟಿನ ಭಯ ಒಂದು ಕಡೆ, ಅದಕ್ಕಿಂತ ಹೆಚ್ಚಾಗಿ ನೋವು. ತನ್ನನ್ನು ಎತ್ತಿ ಆಡಿಸಿದವರು, ತಟ್ಟೆ ನೆಕ್ಕಿದ್ದು ನೋಡಿ ನಕ್ಕವರು ತನಗೆ ಬೆನ್ನು ತಿರುಗಿಸಿದ್ದೇಕೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯದಿದ್ದ ಮೇಲೆ ರಾಜಕಾರಣಿ ಏನು ಮಾಡುತ್ತಾನೋ ಅದನ್ನೇ ಮಾಡಿದ, ಕೊಡತೊಡಗಿದ. ಹಬ್ಬಕ್ಕೆ ಸೊಂಟಕ್ಕೆ ಸುತ್ತಿಕೊಳ್ಳಲು ಸೀರೆಯಷ್ಟು ಚೆಂದದ ಸರೋಂಗು ಕೊಟ್ಟ. ಕಣ್ಣಿನ ಶಿಬಿರ ಮಾಡಿಸಿ ಕನ್ನಡಕ ಕೊಡಿಸಿದ. ಇನ್ನು ಮೇಲೆ ಓಟಿನ ಚೀಟಿ ಚೆನ್ನಾಗಿ ಕಾಣುತ್ತೆ ಎಂದು ಅಜ್ಜಿಯರು ಹರಸಿದರು, ಯಾವ ಅರ್ಥದಲ್ಲೋ. ಬಸ್ಸಿನಲ್ಲಿ ಕೂಚಿಂಗ್ ತೋರಿಸಿದ. ಸಭಾಭವನದಲ್ಲಿ ಮೈ ಒತ್ತುವ ಕರೆಂಟಿನ ಕುರ್ಚಿ ತಂದಿಟ್ಟ. ಅಜ್ಜಿಯರು ಆ ಕುರ್ಚಿಗೆ ವೈಬಿ ಎಂದೇ ಹೆಸರಿಟ್ಟು, ಸಂಜೆಯಾದರೆ ಸ್ವಲ್ಪ ಹೊತ್ತು ವೈಬಿ ಮೇಲೆ ಕೂತು ಬರ್ತೀನಿ ಎಂದು ಸೊಸೆಯರಿಗೆ ಹೇಳಿ ಹೊರಡುತ್ತಿದ್ದರು. ಕೊಟ್ಟದ್ದನ್ನೆಲ್ಲ ತೆಗೆದುಕೊಂಡರು, ಮುಖ ಮಾತ್ರ ಬಿಗಿದೇ ಇತ್ತು.

ಹೀಗೆ ಆ ಅವಧಿಯೂ ಸವೆಯುತ್ತ ಬಂತು. ಚುನಾವಣೆಗೆ ಇನ್ನೇನು ಒಂದೆರಡು ತಿಂಗಳಿರುವಾಗ ಊರಿನಲ್ಲೊಂದು ಮದುವೆ. ಹಿಂದಿನ ದಿನ ಹೆಂಗಸರೆಲ್ಲ ಸೇರಿ ಈರುಳ್ಳಿ ಸುಲಿಯುತ್ತಿದ್ದಾಗ ಹಮ್ಸಿಯಾ ಹೋಗಿ ಕೂತಳು. ಯಾರೋ ಒಬ್ಬಳು, ನೀನು ನಿನ್ನ ಪರವಾಗಿ ಬಂದೆಯೋ ಇನ್ನಾರದಾದರೂ ಪರವಾಗಿಯೋ ಎಂದು ಕೇಳಿದಳು. ಚಾಕುಗಳು ನಿಂತವು, ನಗು ಎದ್ದಿತು. ಹಮ್ಸಿಯಾ ಕೆದಕಿ ಕೆದಕಿ ಕೇಳಿ ಎಲ್ಲ ತಿಳಿದುಕೊಂಡು ಬಂದಳು.

"ಬಾಂಗ್, ರಂಬ್ಲಿ ಅಜ್ಜನ ನಲವತ್ತನೇ ದಿನದ ಊಟಕ್ಕೆ ನೀವು ಹೋಗಿದ್ರಾ?"

"ಕಿಪ್ಲಿ ಹೋಗಿದ್ದ."

"ಕಿಪ್ಲಿ ಹೋಗಿದ್ದು ಊರಿಗೆಲ್ಲ ಗೊತ್ತು. ಸತ್ತಿದ್ದು ನಿಮ್ಮನ್ನ ದೋಣೀಲಿ ಕೂರಿಸ್ಕೊಂಡು ಮನೆಮನೆ ತಿರುಗಿಸಿದ ಮನುಷ್ಯ. ಅವರ ಊಟ ಮುಟ್ಟೋಕೆ ನಿಮಗೊಂದು ಬೆರಳು ಸಿಗಲಿಲ್ವಾ?"

ನಾಚಿಕೆಯಿಂದ ಸಪಾವಿಯ ಕಿವಿ ಬಿಸಿಯಾಯಿತು. ಐದು ವರ್ಷ ಸರೋಂಗು, ಕನ್ನಡಕ, ಕುರ್ಚಿ ಹೊತ್ತು ತಿರುಗಿದ್ದು ನೆನೆದು ಇನ್ನಷ್ಟು ಬಿಸಿಯಾಯಿತು.

ಮದುವೆ ಮುಗಿದ ಮಾರನೆಯ ದಿನ ಮಧ್ಯಾಹ್ನ ಕಿಪ್ಲಿಗೂ ಹೇಳದೆ ಒಬ್ಬನೇ ಬರಿಗೈಯಲ್ಲಿ ಹೊರಟ. ಸಮುದ್ರದ ಉಬ್ಬರಕ್ಕೆ ನದಿ ಏರಿ ಹಲಗೆಯ ಕಾಲುದಾರಿಯ ಮೇಲೆ ನೀರು ನಿಂತಿತ್ತು. ನೇಕ್ ಸಲ್ಮಿಯ ಮನೆ ಮೆಟ್ಟಿಲಲ್ಲಿ ಬೂಟು ಬಿಚ್ಚಿದ, ಒದ್ದೆಯಾದ ಕಾಲುಚೀಲ ಬಿಚ್ಚಲಿಲ್ಲ. ಇತ್ತೀಚೆಗೆ ಯಾರ ಮನೆಗೆ ಹೋದರೂ ಅವನು ಕಾಲುಚೀಲ ಬಿಚ್ಚುತ್ತಿರಲಿಲ್ಲ. ದೊಡ್ಡವರ ಶೋಕಿ ಎಂದು ಜನ ಸುಮ್ಮನಿದ್ದರು. ನೇಕ್ ಪೆಞರಾಮ್ ಕರಿಯುತ್ತ ಕೂತಿದ್ದಳು.

"ಊಟಕ್ಕೆ ಬಂದೆ, ನೇಕ್," ಎಂದ.

"ಯಾರ ಪರವಾಗಿ?"

"ನನ್ನ ಪರವಾಗಿಯೇ. ತಪ್ಪು ಮಾಡಿದೆ. ಅಜ್ಜನ ಹತ್ತಿರ ಕೇಳೋ ಹಾಗಿಲ್ಲ, ನಿಮ್ಮ ಹತ್ತಿರ ಕೇಳ್ತಿದ್ದೀನಿ."

ನೇಕ್ ಎಣ್ಣೆಯಲ್ಲಿದ್ದ ಪೆಞರಾಮ್ ಮಗುಚಿ ಹಾಕಿದಳು. ಆಮೇಲೆ ಒಂದು ತಟ್ಟೆಗೆ ಬಿಸಿ ಬಿಸಿ ಪೆಞರಾಮ್ ಹಾಕಿ ಅವನ ಮುಂದೆ ತಳ್ಳಿದಳು. ಅವನು ಮುಟ್ಟಿ ತುಟಿಗೆ ತರಲಿಲ್ಲ, ತಿಂದ. ಒಂದು ತಿಂದ, ಎರಡು ತಿಂದ, ಮೂರನೆಯದಕ್ಕೆ ಕೈ ಹಾಕಿದ. ಡಾಕ್ಟರ ಮುಖ ಕಣ್ಣ ಮುಂದೆ ಬಂದರೂ ತಿಂದ. ಅಷ್ಟರಲ್ಲಿ ನೇಕ್‌ಳ ಕಣ್ಣು ಚಾಪೆಯ ಮೇಲೆ ಹರಡುತ್ತಿದ್ದ ಒದ್ದೆಯ ಮೇಲೆ ಬಿತ್ತು. ಚಾಪೆ ಹಾಳಾಗುತ್ತೆ, ಅದನ್ನ ಬಿಚ್ಚು ಎಂದಳು. ಅವನು ಪರವಾಗಿಲ್ಲ ಎಂದ. ಚಾಪೆ 'ಪರವಾಗಿಲ್ಲ' ಅನ್ನುತ್ತಿಲ್ಲ ಎಂದು ಅವಳೇ ಬಗ್ಗಿ, ಚಿಕ್ಕ ಮಕ್ಕಳಿಗೆ ಎಳೆಯುವ ಹಾಗೆ ಕಾಲುಚೀಲ ಎಳೆದುಬಿಟ್ಟಳು.

ಹೆಬ್ಬೆರಳು ಕಪ್ಪಾಗಿತ್ತು. ಬದಿಯಲ್ಲಿ ವಾಸಿಯಾಗದ ಹುಣ್ಣು. ರಂಬ್ಲಿ ಅಜ್ಜನಿಗೂ ಸಕ್ಕರೆ ಕಾಯಿಲೆ ಶುರುವಿನಲ್ಲಿ ಹಿಡಿದದ್ದು ಅದೇ ಬೆರಳನ್ನು. ದೋಣಿಯಲ್ಲಿ ಎಡವಿದ್ದು ಎಂದು ಸಪಾವಿ ಏನೋ ಹೇಳತೊಡಗಿದ. ನೇಕ್ ಕೇಳಿಸಿಕೊಳ್ಳಲಿಲ್ಲ. ಅವನ ಕೈಯಲ್ಲಿದ್ದ ಪೆಞರಾಮ್ ಕಿತ್ತುಕೊಂಡು ತಟ್ಟೆಗೆ ಹಾಕಿ, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ನನ್ನ ಮೇಲೆ ಇನ್ನೂ ಸಿಟ್ಟಾ, ನೇಕ್?"

"ಇಲ್ಲ. ಸಿಟ್ಟು ಹೋಯ್ತು. ಒಂದನೇ ಕೋಣೆ ವಿಷಯ ನನಗೆ ಬಿಡು. ನೀನು ಮನೆಗೆ ಹೋಗಿ ಕಾಲು ತೊಳ್ಕೊ."

ಸಪಾವಿ ಹಲಗೆಯ ಮೇಲೆ ನಡೆದನೋ ತೇಲಿದನೋ ಅವನಿಗೇ ತಿಳಿಯಲಿಲ್ಲ. ಬೆರಳಿನ ವಿಷಯ ಚುನಾವಣೆ ಮುಗಿದ ಮೇಲೆ ನೋಡೋಣ ಎಂದು ಡಾಕ್ಟರಿಗೆ ಮೊದಲೇ ಹೇಳಿಯಾಗಿತ್ತು. ಅದನ್ನು ಮತ್ತೊಮ್ಮೆ ಹಮ್ಸಿಯಾಗೂ ಹೇಳಿ, ಒಂದನೇ ಕೋಣೆ ಜೇಬಿನಲ್ಲಿದೆ ಎಂದು ದಾತುಕ್‌ಗೆ ಫೋನು ಮಾಡಿದ. ಹೊಸ ಹುಮ್ಮಸ್ಸಿನಿಂದ ಪ್ರಚಾರಕ್ಕೆ ಇಳಿದ. ಇನ್ನು ಮುಟ್ಟಾಟವಿಲ್ಲ, ಎಲ್ಲರ ಮನೆಯಲ್ಲೂ ಕೂತು ಉಣ್ಣುತ್ತೇನೆ, ಗೆದ್ದ ಮೇಲೂ ಹಾಗೇ ಎಂದು ಸಾರಿದ. ಹೇಳಿದ ಹಾಗೆ ಉಂಡ ಕೂಡ. ಒಂದೇ ವಿಚಿತ್ರ, ತನ್ನ ಊರಿನ ಅಜ್ಜಿಯರ ಮನೆಯಲ್ಲಿ ಬೇಯಿಸಿದ ಜರಿಸೊಪ್ಪು, ಸುಟ್ಟ ಮೀನು ಬಿಟ್ಟರೆ ಏನೂ ಸಿಗಲಿಲ್ಲ. ಸಿಹಿ ಕೇಳಿದರೆ ಈಗ ತಾನೇ ಮುಗಿಯಿತು ಎನ್ನುತ್ತಿದ್ದರು. ಬೆಲ್ಲಕ್ಕೆ ಅಭಾವವಿರಬೇಕು, ಗೆದ್ದರೆ ಸಭೆಯಲ್ಲಿ ಕೇಳುತ್ತೇನೆ ಎಂದುಕೊಂಡ.

ಎದುರಾಳಿ ರೊಸ್ನಾನಿ, ಪ್ರಾಥಮಿಕ ಶಾಲೆಯ ಟೀಚರು, ಹಾಗಾಗಿ ಊರಿಗೆಲ್ಲ ಚಿಕ್ಗು, ಅಂದರೆ ಟೀಚರಮ್ಮ. ಬುದ್ಧಿವಂತೆ, ಕಡ್ಡಿಯ ಹಾಗಿದ್ದಳು. ಔತಣಕ್ಕೆ ಕೂತರೆ ಕೋಳಿಮರಿ ಕುಕ್ಕಿದ ಹಾಗೆ ನಾಲ್ಕು ಅಗುಳು ತಿಂದು ಕೈ ತೊಳೆಯುವಳು. ಇವಳನ್ನು ಲಾಲಾಂಗಿನ ಅಡುಗೆಮನೆಗಳು ಒಪ್ಪುವುದುಂಟೇ ಎಂದು ಸಪಾವಿಯ ಕಡೆಯವರು ನಕ್ಕರು.

ಎಣಿಕೆಯ ಸಂಜೆ ಸುದ್ದಿ ಒಂದೊಂದಾಗಿ ಸಭಾಭವನಕ್ಕೆ ಬಂತು. ಬೇರೆ ಊರುಗಳು ಅತ್ತ ಇತ್ತ ಸಮ. ಲಾಲಾಂಗಿನ ಮೂರನೇ ಕೋಣೆ ಸಪಾವಿಗೆ, ಎರಡನೆಯದು ಅರ್ಧ ಅರ್ಧ. ಒಂದನೇ ಕೋಣೆಯ ಬಾಗಿಲಿನಿಂದ ಕಿಪ್ಲಿ ಬಂದ. ಆ ಕೋಣೆಯಲ್ಲಿ ವೈಬಿಗೆ ಬಿದ್ದ ಓಟು ಕೈಬೆರಳಲ್ಲಿ ಎಣಿಸುವಷ್ಟು. ಉಳಿದದ್ದೆಲ್ಲ ಚಿಕ್ಗುಗೆ. ಹಿಂದಿನ ಸಲ ಒಂದಷ್ಟು ಅಜ್ಜಿಯರಾದರೂ ಅವನ ಜೊತೆಗಿದ್ದರು, ಈ ಸಲ ಅವರೂ ಇರಲಿಲ್ಲ. ಸೀಟು ಹೋಯಿತು.

ಬೆಳಗಾಗುತ್ತಲೇ ಸಪಾವಿ ನೇಕ್ ಸಲ್ಮಿಯ ಮನೆಗೆ ಹೋದ. ಅವಳು ಜಗಲಿಯಲ್ಲಿ ಚಾಪೆ ಹೆಣೆಯುತ್ತಿದ್ದಳು. ಅವನು ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತ.

"ಒಂದನೇ ಕೋಣೆ ನನಗೆ ಬಿಡು ಅಂದಿದ್ರಿ, ನೇಕ್."

"ಬಿಟ್ಟೆಯಲ್ಲ, ನೋಡ್ಕೊಂಡೆ."

"ನನ್ನನ್ನ ಮುಳುಗಿಸಿಬಿಟ್ರಿ. ಸಿಟ್ಟು ಹೋಯ್ತು ಅಂತ ನೀವೇ ಹೇಳಿದ್ರಿ."

"ಸಿಟ್ಟಿದ್ದಿದ್ರೆ ನಿನಗೇ ಹಾಕ್ತಿದ್ವಿ," ಎಂದಳು ನೇಕ್. "ಇನ್ನೈದು ವರ್ಷ ಊರೂರು ಸುತ್ತಿ ಉಣ್ಣು ಅಂತ ಕಳಿಸ್ತಿದ್ವಿ. ಮೊದಲು ಬೆರಳು ಹೋಗುತ್ತೆ. ಆಮೇಲೆ ಪಾದ. ಆಮೇಲೆ ಮೊಣಕಾಲು. ನಾನು ಒಂದು ಸಲ ನೋಡಿದ್ದೀನಪ್ಪ. ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ."

ಹಾಗಾದರೆ ಆ ಚಿಕ್ಗು ಹುಡುಗಿಯ ಗತಿ ಏನು, ಅವಳನ್ನೂ ಉಣ್ಣಿಸಿ ಸಾಯಿಸುತ್ತೀರಾ ಎಂದು ಕೇಳಿದ.

"ಅವಳ ಹೊಟ್ಟೆ ಇನ್ನೂ ಹೊಸದು. ತಿನ್ನೋದೂ ನಾಲ್ಕು ಅಗುಳು. ತಡೀತಾಳೆ," ಎಂದು ನೇಕ್ ಚಾಪೆಯಲ್ಲಿ ಮೇಲೆದ್ದ ಓಲೆಯನ್ನು ಒತ್ತಿ ಕೂರಿಸಿದಳು. "ನಿನಗೆ ಓಟು ಹಾಕಿದ ಆ ನಾಲ್ಕೈದು ಮೂಳಿಯರು ಯಾರು ಅಂತ ನಾವೂ ಹುಡುಕ್ತಾ ಇದ್ದೀವಿ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಚುನಾವಣೆ ಮುಗೀಲಿ ನೋಡೋಣ ಅಂತಿದ್ದೆ. ಹಮ್ಸಿಯಾಗೆ ಹಾಗಂದೆಯಂತಲ್ಲ. ನನಗೆಲ್ಲಿ ಮನೆಮನೆ ಹತ್ತಿ ಇಳಿಯೋ ಕಾಲಿದೆ? ಒಂದು ಮನೆ ಬಿಡದೆ ಹತ್ತಿದವಳು ನಿನ್ನ ಹೆಂಡತಿ. ನೀನು ಓಟು ಕೇಳ್ಕೊಂಡು ಹೋದ ಮನೆಗೆ ಅವಳು ಹಿಂದೇನೇ ಬರ್ತಿದ್ಲು. ಇವರಿಗೆ ಸಿಹಿ ಕೊಡಬೇಡಿ, ಓಟೂ ಕೊಡಬೇಡಿ ಅಂತ."

ದಾರಿಯಲ್ಲಿ ಅವನಿಗೆ ಸಿಟ್ಟು ಬಂತು. ತನ್ನ ಮನೆಯಲ್ಲೇ ಇಷ್ಟು ದೊಡ್ಡ ವಿರೋಧ ಪಕ್ಷ ಬೆಳೆದದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ಹಲ್ಲು ಕಡಿದ. ಊರಿಗೆಲ್ಲ ಕಾಯಿಲೆ ಹೇಳಿಕೊಂಡು ಬಂದಳಲ್ಲ ಎಂದು ಕುದಿದ. ಹಲಗೆಹಲಗೆಗೆ ಒಂದೊಂದು ಬೈಗುಳ ಜೋಡಿಸಿಕೊಂಡು ಮನೆ ಮುಟ್ಟಿದ.

ಹಮ್ಸಿಯಾ ಅಡುಗೆಮನೆಯಲ್ಲಿ ಮೀನು ಸ್ವಚ್ಛ ಮಾಡುತ್ತಿದ್ದಳು. ತಿರುಗಿ ಅವನ ಮುಖ ನೋಡಿದಳು, ಅವನು ಎಲ್ಲಿಂದ ಬಂದ ಎಂದು ಕೇಳಲಿಲ್ಲ.

"ಒಳ್ಳೇ ಪ್ರಚಾರ ಮಾಡಿದ್ದೀಯ," ಎಂದ ಸಪಾವಿ. "ನೀನೂ ಚಿಕ್ಗುಗೇ ಹಾಕಿದೆಯಾ?"

"ಹೂಂ, ಬಾಂಗ್. ಎರಡು ಸಲ ಹಾಕೋಕೆ ಬಿಟ್ಟಿದ್ರೆ ಎರಡು ಸಲ ಹಾಕ್ತಿದ್ದೆ."

ಹೇಳಿ ಮತ್ತೆ ಮೀನಿಗೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಾಳೆ ಎಂದುಕೊಂಡ, ಆಮೇಲೆ ಅಳುತ್ತ ಆಗಲೇ ಶುಚಿಯಾದ ಮೀನನ್ನೇ ಅವಳು ಮತ್ತೆ ಮತ್ತೆ ಹೆರೆಯುವುದು ಕಂಡಿತು. ಜೋಡಿಸಿಕೊಂಡು ಬಂದ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಈ ಹೆದರಿಕೆ ಹೊತ್ತು ಇಷ್ಟು ದಿನ ಇವಳು ಹೇಗೆ ಉಸಿರಾಡಿದಳೋ ಎಂದುಕೊಂಡ. ಗೆದ್ದಾಗಿನಿಂದ ಅವಳು ದಿನವೂ ಅವನ ಪಾಲಿನ ಊಟವನ್ನು ಮುಚ್ಚಿಡುತ್ತಿದ್ದಳು, ಅವನು ಊರ ಊಟ ಉಂಡು ಬಂದು ಮಲಗುತ್ತಿದ್ದ, ಬೆಳಿಗ್ಗೆ ಅದು ಕೋಳಿಗಳಿಗೆ ಹೋಗುತ್ತಿತ್ತು.

ಅವನು ನೆಲದ ಮೇಲೆ ಕೂತು ಕಾಲುಚೀಲ ಬಿಚ್ಚಿದ. ಅವಳು ಬಿಸಿನೀರಿನ ಬೋಗುಣಿ ತಂದು ಅವನ ಕಾಲು ಅದರಲ್ಲಿಟ್ಟಳು. ನಾಳೆಯೇ ಕೂಚಿಂಗಿಗೆ ಹೋಗೋಣ, ಡಾಕ್ಟರು ಬೆರಳು ತೆಗೆಯುತ್ತೇನೆ ಎಂದರೆ ತೆಗೆಯಲಿ ಎಂದ. ಅವಳು ತಲೆ ಆಡಿಸಿ ಹುಣ್ಣಿನ ಸುತ್ತ ಮೆಲ್ಲಗೆ ಒರೆಸಿದಳು. ಹೊರಗೆ ಹೊಸ ವೈಬಿಯನ್ನು ಹೊತ್ತ ದೋಣಿ ಮೊದಲ ಔತಣಕ್ಕೆ ಹೊರಟ ಸದ್ದು ಕೇಳಿಸಿತು. ಇಬ್ಬರೂ ಅತ್ತ ನೋಡಲಿಲ್ಲ.

"ಹಮ್ಸಿಯಾ," ಎಂದ ಸಪಾವಿ. "ನನಗೆ ಹಸಿವಾಗ್ತಿದೆ."

ವೈಬಿ ಆದ ಮೇಲೆ ಆ ಮನೆಯಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡು ಎದ್ದು ತಟ್ಟೆ ಹಾಕಿದಳು.